ಕುಂಬಳಕಾಯಿ ಬಿಟ್ಟು ಎದ್ದು ಹೋದ ಶಾಂತಪ್ಪ

ಮಲ್ಲಿನಕುಪ್ಪೆಯ ಶಾಂತಪ್ಪನಿಗೆ ಆ ಹೆಸರಿಟ್ಟ ಪುಣ್ಯಾತ್ಮ ಯಾರೋ, ಅವನನ್ನು ಕರೆತಂದು ಒಂದೇ ಒಂದು ದಿನ ಇವನ ಜೊತೆ ಬಿಡಬೇಕು. ಎಮ್ಮೆ ಹಾಲು ಇಳಿಸಲು ಎರಡು ನಿಮಿಷ ತಡ ಮಾಡಿದರೆ ಎಮ್ಮೆಗೆ ಬೈಗುಳ. ಹುಣಸೂರಿನ ಬಸ್ಸು ಐದು ನಿಮಿಷ ಮುಂಚೆ ಬಂದುಬಿಟ್ಟರೆ ಡ್ರೈವರಿಗೂ ಬೈಗುಳ. "ಬಾಯಿ ಒಂದು ಜೋರು, ಒಳಗೆಲ್ಲ ಬೆಣ್ಣೆ ಕಣ್ರೀ" ಎಂದು ಅವನ ಹೆಂಡತಿ ಪುಷ್ಪಮ್ಮ ಮೂವತ್ತು ವರ್ಷದಿಂದ ಹೇಳಿಕೊಂಡೇ ಬಂದಿದ್ದಾಳೆ. ಆ ಬೆಣ್ಣೆಯನ್ನು ಊರಿನವರು ಇನ್ನೂ ಕಣ್ಣಾರೆ ಕಂಡಿಲ್ಲ, ಅಷ್ಟೇ.

ಆದರೆ ಅದೇ ಬಾಯಿಗೆ ವರ್ಷಕ್ಕೊಂದು ದಿನ ಭಾರಿ ಮರ್ಯಾದೆ. ಅಕ್ಟೋಬರ್ ತಿಂಗಳ ಕಡೇ ಭಾನುವಾರ ಮಲ್ಲಿನಕುಪ್ಪೆಯ ಕ್ರೈಸ್ತರ ಹೆಂಚಿನ ದೇವಾಲಯದಲ್ಲಿ ಸುಗ್ಗಿ ಹಬ್ಬ. ಆ ವರ್ಷ ಭೂಮಿ ಕೊಟ್ಟಿದ್ದರಲ್ಲಿ ಒಳ್ಳೆಯದನ್ನು ಆರಿಸಿ ಪ್ರತಿ ಮನೆಯವರೂ ತಂದು ವೇದಿಯ ಮುಂದೆ ಅರ್ಪಿಸುತ್ತಾರೆ: ಮುಸುಕಿನ ಜೋಳ, ಬಾಳೆಗೊನೆ, ಶುಂಠಿ, ಕಾಲು ಕಟ್ಟಿದ ಹುಂಜ. ಆರಾಧನೆ ಮುಗಿದ ಮೇಲೆ ಹೊರಗೆ ಹೊಂಗೆ ಮರದ ಕೆಳಗೆ ಅವನ್ನೆಲ್ಲ ಹರಾಜು ಹಾಕುತ್ತಾರೆ. ಹರಾಜಿಗೆ ಸಭೆಯವರು ಮಾತ್ರವಲ್ಲ, ಊರಿನವರೆಲ್ಲ ಬರುತ್ತಾರೆ. ಅಂಗಡಿ ಸಿದ್ದರಾಜು ಅವತ್ತು ವಿಭೂತಿ ಹಚ್ಚಿಕೊಂಡು ಬಂದು ಮುಂದಿನ ಸಾಲಿನಲ್ಲೇ ಕೂರುತ್ತಾನೆ. ಯಾಕೆಂದರೆ ಹರಾಜು ಕೂಗುವವನು ಶಾಂತಪ್ಪ. "ಈ ಹುಂಜ ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸ್ತದೆ ಕಣ್ರಪ್ಪಾ! ಆರಾಧನೆಗೆ ತಡವಾಗಿ ಬರೋರೆಲ್ಲ ಕೈ ಎತ್ರಿ!" ಎಂದು ಅವನು ಶುರು ಮಾಡಿದರೆ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ಈ ಸಲ ಶಾಂತಪ್ಪನ ಕಾಣಿಕೆ ಒಂದು ಸಿಹಿಗುಂಬಳ. ಒಂದು ಅಂದರೆ ಒಂದೇ, ಆದರೆ ಮೂವತ್ತೆರಡು ಕಿಲೋ! ತೀರಿಹೋದ ಅವ್ವ ಬೂದಿಯಲ್ಲಿ ಹೊರಳಿಸಿ ಇಟ್ಟುಹೋದ ಬೀಜದ ವಂಶ ಅದು. ಅವನು ಅದಕ್ಕೆ ಹುಲ್ಲಿನ ಹಾಸಿಗೆ ಹಾಕಿದ್ದ, ಬಿಸಿಲಿಗೆ ಗೋಣಿತಾಟು ಹೊದಿಸಿದ್ದ, ಸಾಲದ್ದಕ್ಕೆ ಮಳೆ ಬಂದ ದಿನ ಕೊಡೆ ಹಿಡಿದಿದ್ದ. "ನಮ್ ಮಕ್ಳು ಹುಟ್ಟಿದಾಗ ಇಷ್ಟು ಮುತುವರ್ಜಿ ಇರ್ನಿಲ್ಲ ನಿಮಗೆ" ಎಂದು ಪುಷ್ಪಮ್ಮ ಮೂಗು ಮುರಿದಿದ್ದಳು. ಜಿಲ್ಲೆಯಲ್ಲೇ ಇಂಥ ಕಾಯಿ ಯಾವ ದೇವಾಲಯಕ್ಕೂ ಬಂದಿರಲಿಕ್ಕಿಲ್ಲ ಎಂಬುದು ಶಾಂತಪ್ಪನ ಲೆಕ್ಕ. ಅವತ್ತು ಅದನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು, ಹೊಟ್ಟೆ ಮುಂದಕ್ಕೆ ಚಾಚಿಕೊಂಡು, ಕಾಣಿಕೆಯ ಸಾಲಿನಲ್ಲಿ ಮೊದಲನೆಯವನಾಗಿ ಹೊರಟ.

ವೇದಿಯ ಹತ್ತಿರ ನಿಂತಿದ್ದವರು ಪಾದ್ರಿ ಶಶಿಕಿರಣ್ ಅಯ್ಯನವರು. ಕೆ.ಆರ್. ನಗರದ ಕಡೆ ಹೊಸ ಅಗ್ರಹಾರದವರು, ಇಪ್ಪತ್ತೆಂಟರ ಪ್ರಾಯ, ಈ ಸಭೆಗೆ ಬಂದು ಏಳು ತಿಂಗಳು. ಒಳ್ಳೆಯ ಹುಡುಗ. ಒಂದೇ ದೋಷವೆಂದರೆ ಮಾತು ಮುಗಿಯಿತು ಎಂದುಕೊಂಡಾಗ ಇನ್ನೊಂದು ಮಾತು ನೆನಪಾಗುತ್ತದೆ. ಶಾಂತಪ್ಪ ವೇದಿಗೆ ಎರಡು ಹೆಜ್ಜೆ ಇರುವಾಗ ಅವರಿಗೆ ಹಾಗೇ ಒಂದು ನೆನಪಾಯಿತು. ಅಂಗೈ ಎತ್ತಿ ಸಾಲನ್ನು ನಿಲ್ಲಿಸಿದರು.

"ಕಾಣಿಕೆ ತಂದಿದ್ದೀರಿ, ಸಂತೋಷ. ಆದರೆ ಒಡಹುಟ್ಟಿದವರು ಯಾರಾದರೂ ನಿಮ್ಮಿಂದ ನೊಂದಿದ್ದಾರೆ ಅಂತ ಈ ಗಳಿಗೆಯಲ್ಲಿ ನೆನಪಾದರೆ, ಕಾಣಿಕೆಯನ್ನು ಇಲ್ಲೇ ಬಿಟ್ಟು ಮೊದಲು ಅವರ ಹತ್ತಿರ ಹೋಗಿ. ಆಮೇಲೆ ಬಂದು ಅರ್ಪಿಸಿ. ಇದು ನನ್ನ ಮಾತಲ್ಲ, ಯೇಸುಸ್ವಾಮಿಯ ಅಪ್ಪಣೆ. ಅಪ್ಪಣೆ ಮೀರಿ ಕೊಟ್ಟ ಕಾಣಿಕೆ ಎಷ್ಟು ದೊಡ್ಡದಾದರೇನು?"

ಐವತ್ತೈದು ವರ್ಷದ ಆಯುಸ್ಸಿನಲ್ಲಿ ಶಾಂತಪ್ಪ ಈ ಮಾತನ್ನು ನೂರು ಸಲ ಕೇಳಿದ್ದಾನು. ಕೇಳಿ ತಲೆದೂಗಿದ್ದಾನೆ, ಪಕ್ಕದವನನ್ನು ಓರೆಗಣ್ಣಿನಿಂದ ನೋಡಿದ್ದಾನೆ. ಆದರೆ ಮೂವತ್ತೆರಡು ಕಿಲೋ ತಬ್ಬಿಕೊಂಡು ನಿಂತು ಕೇಳಿದ್ದು ಇದೇ ಮೊದಲು. ಅಯ್ಯನವರು ವಿವರಣೆ ಮುಂದುವರಿಸಿದರು. ಶಾಂತಪ್ಪನ ತೋಳು ನಡುಗಿತು, ಬೆನ್ನಲ್ಲಿ ಬೆವರು ಇಳಿಯಿತು. ಬೇಡ ಬೇಡವೆಂದರೂ ಅಕ್ಕ ಮಾರ್ತಮ್ಮನ ಮುಖ ಕಣ್ಣ ಮುಂದೆ ಬಂದು ನಿಂತಿತು.

ಮೂರು ವರ್ಷದ ಹಿಂದೆ ಇದೇ ಹಬ್ಬ, ಇದೇ ಹೊಂಗೆ ಮರ. ವೀರನಹೊಸಹಳ್ಳಿಯಾಚೆ ಕಾಡಿನ ಅಂಚಿನಲ್ಲಿ ಜಮೀನು ಮಾಡಿಕೊಂಡಿರುವ ಅಕ್ಕ ಸೆರಗಿನಲ್ಲಿ ಸುತ್ತಿಕೊಂಡು ಒಂದು ಕುಂಬಳಕಾಯಿ ತಂದಿದ್ದಳು, ಚೆಂಬಿನಷ್ಟು ಗಾತ್ರದ್ದು. ಹರಾಜಿನಲ್ಲಿ ಶಾಂತಪ್ಪ ಅದನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದ. "ಇದೇನ್ರಪ್ಪಾ, ಕುಂಬಳಕಾಯೋ ನಿಂಬೆಹಣ್ಣೋ? ನಮ್ಮಕ್ಕನ ಕೈ ಬಿಗಿ ಅಂತ ಗೊತ್ತಿತ್ತು. ದೇವ್ರ ಹತ್ರಾನೂ ಇಷ್ಟು ಬಿಗಿ ಅಂತ ಗೊತ್ತಿರ್ನಿಲ್ಲ!" ಜನ ನಕ್ಕಿದ್ದೇ ನಕ್ಕಿದ್ದು. ಅಕ್ಕ ಎದ್ದು ಬಂದು, ಅವನ ಕೈಯಿಂದ ಆ ಕಾಯಿ ಕಿತ್ತುಕೊಂಡು, ಯಾರಿಗೂ ಒಂದು ಮಾತೂ ಹೇಳದೆ ಬಸ್ಸು ಹತ್ತಿದಳು. ಅವತ್ತಿನಿಂದ ಹುಟ್ಟಿ ಬೆಳೆದ ದೇವಾಲಯದ ಮೆಟ್ಟಿಲನ್ನೂ ತುಳಿದಿಲ್ಲ, ತಮ್ಮನ ಮನೆಯ ಹೊಸ್ತಿಲನ್ನೂ ತುಳಿದಿಲ್ಲ.

ಎರಡು ದಿನದ ಮೇಲೆ ಸಂಗತಿ ತಿಳಿಯಿತು. ಹಬ್ಬದ ಹಿಂದಿನ ವಾರ ಆನೆಗಳು ಕಂದಕ ದಾಟಿ ಬಂದು ಅಕ್ಕನ ಹೊಲವನ್ನು ತುಳಿದು ಹಾಳು ಮಾಡಿ ಹೋಗಿದ್ದವು. ಇಡೀ ಹೊಲದಲ್ಲಿ ಉಳಿದಿದ್ದದ್ದು ಆ ಒಂದು ಕಾಯಿ. ತಿಳಿದ ಮೇಲಾದರೂ ಹೋಗಬೇಕಿತ್ತು, ಹೋಗಲಿಲ್ಲ. ಮೊದಲನೇ ವರ್ಷ, "ತಮ್ಮ ಆದೋನು ತಮಾಷೆ ಮಾಡಬಾರ್ದಾ?" ಎಂದ. ಎರಡನೇ ವರ್ಷ, "ದೊಡ್ಡೋಳು ಅವಳೇ ಬರ್ಲಿ" ಎಂದ. ಮೂರನೇ ವರ್ಷ, "ಇಷ್ಟು ದಿನ ಆದ್ಮೇಲೆ ಏನಂತ ಹೋಗೋದು ಬುಡು" ಎಂದ. ಸಬೂಬಿಗೇನು ಬರ?

ಅಯ್ಯನವರ ವಿವರಣೆ ಅಂತೂ ಮುಗಿಯಿತು. ಕಾಣಿಕೆ ತೆಗೆದುಕೊಳ್ಳಲು ನಗುನಗುತ್ತಾ ಎರಡೂ ಕೈ ಚಾಚಿದರು. ಶಾಂತಪ್ಪ ಕುಂಬಳಕಾಯಿಯನ್ನು ಅವರ ಕೈಗೆ ಕೊಡಲಿಲ್ಲ. ವೇದಿಯ ಕೆಳಗಿನ ಮೆಟ್ಟಿಲ ಮೇಲೆ ಧೊಪ್ಪೆಂದು ಇಳಿಸಿದ.

"ಮುಟ್ಬ್ಯಾಡಿ ಅಯ್ನೋರೆ, ಅದು ಅಲ್ಲೇ ಇರ್ಲಿ. ಓಗ್ಬುಟ್ಟು ಬತ್ತೀನಿ."

"ಎಲ್ಲಿಗೆ ಶಾಂತಪ್ಪನೋರೆ?"

"ಎಲ್ಲಿಗೆ ಅಂದ್ರೆ? ನೀವೇ ಈಗ ಹೇಳಿದ್ರಲ್ಲ!"

ಏಳು ತಿಂಗಳಿನಿಂದ ಪ್ರಸಂಗ ಮಾಡುತ್ತಿದ್ದರೂ, ಹೇಳಿದ್ದನ್ನು ಯಾರಾದರೂ ಇಷ್ಟು ಬೇಗ ಮಾಡಿಯಾರು ಎಂದು ಪಾಪ ಆ ಹುಡುಗ ಕನಸಿನಲ್ಲೂ ಎಣಿಸಿರಲಿಲ್ಲ. ಚಾಚಿದ ಕೈ ಚಾಚಿದಂತೆಯೇ ಇತ್ತು. ಶಾಂತಪ್ಪ ನಡುವಿನ ಹಾದಿಯಲ್ಲಿ ದಡದಡ ನಡೆದು ಹೊರಗೆ ಬಂದ. ಹಿಂದೆಯೇ ಪುಷ್ಪಮ್ಮ ಓಡಿ ಬಂದಳು.

"ರೀ, ಎಲ್ಲಿಗ್ರೀ? ಊಟಕ್ಕಾದ್ರೂ ಬತ್ತೀರಾ?"

"ಅಕ್ಕನ ಮನೆಗೆ. ನಾನು ಬರೋವರ್ಗೂ ಹರಾಜು ಶುರು ಮಾಡ್ಬ್ಯಾಡಿ ಅಂತ ಹೇಳು. ಹನ್ನೆರಡಕ್ಕೆ ಇಲ್ಲಿರ್ತೀನಿ."

ಮೂರು ವರ್ಷ ಪುಷ್ಪಮ್ಮ ಗಿಣಿಗೆ ಹೇಳಿದಂತೆ ಹೇಳಿದ್ದಳು, ಅತ್ತಿದ್ದಳು, ಒಂದು ದಿನ ಮುದ್ದೆ ಮಾಡದೆ ಮುಷ್ಕರವನ್ನೂ ಹೂಡಿದ್ದಳು. ಈಗ ನೋಡಿದರೆ ಇವನೇ ಮೊಪೆಡ್ಡು ಒದೆಯುತ್ತಿದ್ದಾನೆ.

ದಾರಿಯುದ್ದಕ್ಕೂ ಶಾಂತಪ್ಪ ಲೆಕ್ಕ ಹಾಕಿದ. ಹೋಗಲು ಒಂಬತ್ತು ಕಿಲೋಮೀಟರು, ಬರಲು ಒಂಬತ್ತು. ನಡುವೆ ಕ್ಷಮೆಗೆ ಒಂದು ಇಪ್ಪತ್ತು ನಿಮಿಷ. ಅಕ್ಕ ಅತ್ತರೆ ಅರ್ಧ ಗಂಟೆ. ಅಷ್ಟರೊಳಗೆ ಮುಗಿಸಿದರೆ ಕಾಯಿ ಅರ್ಪಿಸಿ, ಹರಾಜೂ ಕೂಗಿ, ಬಿಸಿ ಊಟಕ್ಕೂ ಸಿಗಬಹುದು. ಅಪ್ಪಣೆ ಪಾಲಿಸುವುದು ಇಷ್ಟು ಸಲೀಸು ಎಂದು ಗೊತ್ತಿದ್ದರೆ ಮೊದಲೇ ಪಾಲಿಸಬಹುದಿತ್ತು ಎನ್ನಿಸಿತು.

ಅಕ್ಕ ಮನೆಯಲ್ಲಿರಲಿಲ್ಲ, ಮನೆಯ ಹಿಂದಿನ ಬ್ಯಾರನ್ನಿನ ಹತ್ತಿರ ಇದ್ದಳು. ಆ ಕಡೆಯ ಹೊಗೆಸೊಪ್ಪಿನ ಬೆಳೆಗಾರರಿಗೆಲ್ಲ ಬ್ಯಾರನ್ನೆಂದರೆ ಗೊತ್ತು: ಎಲೆಯನ್ನು ಕೋಲಿಗೆ ಕಟ್ಟಿ ಒಳಗೆ ಸಾಲಾಗಿ ತೂಗುಹಾಕಿ, ಕೆಳಗಿನ ಒಲೆಗೆ ಐದಾರು ದಿನ ಹಗಲೂ ರಾತ್ರಿ ಸೌದೆ ಹಾಕಿ ಬೇಯಿಸುವ ಎತ್ತರದ ಮನೆ. ನಡುವೆ ಬೆಂಕಿ ಇಳಿದರೆ ಎಲೆ ಕಪ್ಪಾಗಿ ವರ್ಷದ ಕೂಳು ಹೋದಂತೆ. ಮಾರ್ತಮ್ಮ ಒಲೆಯ ಬಾಯಿಯ ಮುಂದೆ ಕೂತು ಸೌದೆ ನೂಕುತ್ತಿದ್ದಳು. ತಲೆಯೆಲ್ಲ ಬೂದಿ. ಸೊಸೆ ಸಿಂಧು ಪಕ್ಕದಲ್ಲಿ ಕಾವಿನ ಅಳತೆ ನೋಡುತ್ತಿದ್ದಳು.

"ಅಕ್ಕ, ನಂದು ತಪ್ಪಾಯ್ತು, ಮನಸ್ಸಿನಲ್ಲಿ ಇಟ್ಕೋಬ್ಯಾಡ" ಎಂದ ಶಾಂತಪ್ಪ, ಒಂದೇ ಉಸಿರಿನಲ್ಲಿ.

ಮಾರ್ತಮ್ಮ ತಿರುಗಿ ನೋಡಿದಳು. ಅವನನ್ನು ನೋಡಿದಳು, ಅವನ ಹಿಂದೆ ಪಟಪಟ ಎನ್ನುತ್ತಿದ್ದ ಮೊಪೆಡ್ಡನ್ನೂ ನೋಡಿದಳು.

"ಏನ್ಲಾ ಶಾಂತ, ಗಾಡಿ ಆಫ್ ಮಾಡ್ದೇನೇ ಕ್ಷಮೆ ಕೇಳೋಕೆ ಬಂದಿದ್ದೀಯಾ?"

"ಅಲ್ಲಕ್ಕ, ಹೊತ್ತಾಯ್ತದೆ. ಇವತ್ತು ಸುಗ್ಗಿ ಹಬ್ಬ. ಕುಂಬಳಕಾಯಿ ಅಲ್ಲೇ ಮೆಟ್ಲ ಮೇಲೆ ಬುಟ್ಟು ಬಂದಿವ್ನಿ. ನಿನ್ ಹತ್ರ ಸಮಾಧಾನ ಮಾಡ್ಕೊಳ್ದೆ ಅದನ್ನ ಒಪ್ಪಿಸೋ ಅಂಗಿಲ್ಲ. ಮೂವತ್ತೆರಡು ಕಿಲೋ ಅದೆ, ಅವ್ವನ ಬೀಜದ್ದು. ನೀನೊಂದು ಸರಿ ಬುಡು ಅಂದ್ಬುಟ್ರೆ..."

"ಓಹೋ! ಅಂಗೆ ಹೇಳು. ನೀನು ಬಂದಿರೋದು ನನಗೋಸ್ಕರ ಅಲ್ಲ, ಕುಂಬಳಕಾಯಿಗೋಸ್ಕರ. ಅದು ಒಳಕ್ಕೆ ಹೋಗ್ಲಿ ಅಂತ ನಾನು ಪಕ್ಕಕ್ಕೆ ಸರೀಬೇಕು. ನಾನೇನು ಗೇಟಾ?" ಮಾರ್ತಮ್ಮ ಮತ್ತೆ ಒಲೆಯ ಕಡೆ ತಿರುಗಿದಳು. "ಓಗು, ಓಗು. ನಿನ್ ಹರಾಜಿಗೆ ತಡ ಆಯ್ತದೆ."

ಶಾಂತಪ್ಪನಿಗೆ ಸಿಟ್ಟು ನೆತ್ತಿಗೇರಿತು. ಬಂದದ್ದಾಯಿತು, ಕೇಳಿದ್ದಾಯಿತು. ಇನ್ನೇನು ಕಾಲಿಗೆ ಬೀಳಬೇಕೇ? ಅಪ್ಪಣೆಯಲ್ಲಿ ಹೇಳಿದ್ದನ್ನು ಅಕ್ಷರಕ್ಕೆ ಅಕ್ಷರ ಮಾಡಿದ್ದೇನೆ, ಒಪ್ಪದಿದ್ದರೆ ಅವಳ ಹಣೆಬರಹ! ದುಡುದುಡು ಹೋಗಿ ಮೊಪೆಡ್ಡು ಹತ್ತಿ ತಿರುಗಿಸಿದ. ತಿರುಗಿಸುವಾಗ ಬೇಲಿ ಕಣ್ಣಿಗೆ ಬಿತ್ತು. ಬೇಲಿಯ ಮೇಲೆ ಕುಂಬಳದ ಬಳ್ಳಿ ಹಬ್ಬಿತ್ತು, ಮೂರೋ ನಾಲ್ಕೋ ಕಾಯಿ ನೇತಾಡುತ್ತಿದ್ದವು. ಮೇಲೆ ಬಿಳಿ ಗೆರೆ, ತೊಟ್ಟಿನ ಹತ್ತಿರ ಹಸಿರು ಮಚ್ಚೆ. ಅವನು ಕೊಡೆ ಹಿಡಿದು ಸಾಕಿದ ಕಾಯಿಗೂ ಅದೇ ಗೆರೆ, ಅದೇ ಮಚ್ಚೆ.

"ಇದ್ರ ಬೀಜ ಎಲ್ಲಿಂದ ಬಂತು ಸಿಂಧು?" ಎಂದು ಕೇಳಿದ.

"ಅವತ್ತು ಅತ್ತೆ ವಾಪಸ್ ತಂದ್ರಲ್ಲ ಮಾವ, ಆ ಕಾಯೀದು" ಎಂದಳು ಸಿಂಧು ಮೆಲ್ಲಗೆ. "ಅದನ್ನ ಸಾರು ಮಾಡೋಕೆ ಬಿಡ್ನಿಲ್ಲ. ದೇವ್ರಿಗೆ ಅಂತ ತಗೊಂಡ್ಹೋಗಿದ್ದು, ನಾವು ತಿನ್ನಬಾರ್ದು ಅಂತ ಬೀಜಕ್ಕೆ ಇಟ್ರು."

ಒಂದೇ ಅವ್ವನ ಬೀಜ. ತನ್ನ ಕಾಯಿ ಮೆಟ್ಟಿಲ ಮೇಲೆ ಅರ್ಧ ಗಂಟೆ ಕಾದಿದ್ದಕ್ಕೇ ತನಗೆ ಇಷ್ಟು ಚಡಪಡಿಕೆ. ಅಕ್ಕನ ಕಾಣಿಕೆ ಮೂರು ವರ್ಷದಿಂದ ಬೇಲಿಯ ಮೇಲೆ ಕಾದಿದೆ. ಶಾಂತಪ್ಪನಿಗೆ ನಾಚಿಕೆಯಾಯಿತು, ಎದೆಗೆ ಗುದ್ದಿದಂಥ ನಾಚಿಕೆ. ಮೊಪೆಡ್ಡಿನ ಬೀಗದ ಕೈ ತಿರುಗಿಸಿದ. ಪಟಪಟ ನಿಂತಿತು. ಆಮೇಲೆ ಒಲೆಯ ಸದ್ದು ಮಾತ್ರ ಕೇಳುತ್ತಿತ್ತು.

ವಾಪಸ್ ಬಂದು ಅಕ್ಕನ ಪಕ್ಕದಲ್ಲಿ ನೆಲದ ಮೇಲೆ ಕೂತ.

"ಅಕ್ಕ, ಆನೆ ಬಂದಿದ್ದು ಗೊತ್ತಿರ್ನಿಲ್ಲ ಅಂತ ಎಲ್ರಿಗೂ ಹೇಳ್ಕೊಂಡು ತಿರುಗ್ದೆ. ಎರಡೇ ದಿನಕ್ಕೆ ಗೊತ್ತಾಗಿತ್ತು. ಗೊತ್ತಾದ್ಮೇಲೂ ಬರ್ನಿಲ್ಲ. ನನ್ ತಪ್ಪು ಅಂದ್ರೆ ಅದು ಕಣಕ್ಕ."

ಮಾರ್ತಮ್ಮ ಒಲೆಗೆ ಇನ್ನೊಂದು ಸೌದೆ ನೂಕಿದಳು.

"ತಮಾಷೆ ಮಾಡಿದ್ದಕ್ಕಲ್ಲ ಕಣ್ಲಾ ನಾನು ನೊಂದಿದ್ದು. ಚಿಕ್ಕಂದಿನಿಂದ ನಿನ್ ಬಾಯಿ ನನಗೆ ಗೊತ್ತಿಲ್ವಾ? ಊರೆಲ್ಲ ನಗಾಡ್ತು. ನಾನು ನಿನ್ ಮುಖಾನೇ ನೋಡ್ತಾ ಕೂತಿದ್ದೆ. ನೀನು ಒಂದ್ಸಲಾನೂ ನನ್ ಕಡೆ ತಿರುಗ್ನಿಲ್ಲ."

ಶಾಂತಪ್ಪ ಈಗ ತಿರುಗಿ ನೋಡಿದ. ಅಕ್ಕನ ಕಣ್ಣು ಕೆಂಡದ ಹಾಗೆ ಕೆಂಪಾಗಿತ್ತು. ಮಗ ಚೇತನ್‌ಕುಮಾರ್ ಸೌದೆಗೆಂದು ಎಚ್.ಡಿ. ಕೋಟೆಗೆ ಹೋದವನು ಟ್ರ್ಯಾಕ್ಟರ್ ಕೆಟ್ಟು ಅಲ್ಲೇ ಸಿಕ್ಕಿಹಾಕಿಕೊಂಡಿದ್ದ. ಮೂರು ದಿನದಿಂದ ಈ ಇಬ್ಬರು ಹೆಂಗಸರೇ ಸರದಿಯ ಮೇಲೆ ಒಲೆ ಕಾದಿದ್ದರು.

ಶಾಂತಪ್ಪ ಎದ್ದು ಬೇಲಿಯ ಹತ್ತಿರ ಹೋಗಿ, ಇದ್ದುದರಲ್ಲಿ ಬಲಿತ ಕಾಯಿಯೊಂದನ್ನು ತೊಟ್ಟಿನ ಸಮೇತ ಕೊಯ್ದು ತಂದ. ಅಕ್ಕನ ಮಡಿಲಿಗೆ ಇಟ್ಟ.

"ಏಳಕ್ಕ. ಸಿಂಧು, ಸ್ಕೂಟಿ ತೆಗಿ, ನಿಮ್ಮತ್ತೇನ ದೇವಾಲಯಕ್ಕೆ ಕರ್ಕೊಂಡು ಹೋಗು. ಒಲೆ ನಾನು ನೋಡ್ಕೋತೀನಿ."

"ನಿನ್ ಮೂವತ್ತೆರಡು ಕಿಲೋ?"

"ಇರ್ಲಿ ಬುಡು, ಕಾಲಿದ್ಯಾ ಅದಕ್ಕೆ ಓಡೋಗೋಕೆ?"

"ಹರಾಜು?"

ನಿಜ ಹೇಳಬೇಕೆಂದರೆ ಶಾಂತಪ್ಪ ವರ್ಷವಿಡೀ ಕಾಯುವ ದಿನ ಅದು.

"ಯಾರೋ ಒಬ್ರು ಕೂಗ್ತಾರೆ" ಎಂದು ಸೌದೆ ಎತ್ತಿಕೊಂಡ.

ಮಾರ್ತಮ್ಮ ಮುಖ ತೊಳೆದು, ಸೀರೆ ಬದಲಾಯಿಸಿ, ಕಾಯಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ಸ್ಕೂಟಿ ಹತ್ತಿದವಳು ಮತ್ತೆ ಇಳಿದು ಬಂದು ಹೇಳಿದಳು, "ಎಲೆ ದಂಟು ಒಣಗೋ ಹೊತ್ತು. ಕಾವು ನೂರ ಅರವತ್ತು ದಾಟಿಸ್ಬ್ಯಾಡ. ನಿದ್ದೆ ಹೊಡೀಬ್ಯಾಡ."

"ನಾನೂ ಮೂವತ್ತು ವರ್ಷದಿಂದ ಹೊಗೆಸೊಪ್ಪು ಬೇಯಿಸ್ತಾ ಇವ್ನಿ. ನನಗೆ ಹೇಳ್ಕೊಡ್ತೀಯಾ?"

"ನಿನಗೇ ಕಣ್ಲಾ ಹೇಳ್ಕೊಡ್ಬೇಕಾಗಿರೋದು" ಎಂದು ಅಕ್ಕ ಹೊರಟಳು. ಹೋಗುವಾಗ ಅವಳ ತುಟಿಯಂಚಿನಲ್ಲಿ ನಗು ಇತ್ತೋ ಇಲ್ಲವೋ, ಹೊಗೆಯಲ್ಲಿ ಶಾಂತಪ್ಪನಿಗೆ ಸರಿಯಾಗಿ ಕಾಣಲಿಲ್ಲ.

ಒಬ್ಬನೇ ಉಳಿದ. ಸೌದೆ ನೂಕಿದ, ಕಾವು ನೋಡಿದ, ಮತ್ತೆ ನೂಕಿದ. ಹಬ್ಬಕ್ಕೆಂದು ಇಸ್ತ್ರಿ ಮಾಡಿಸಿದ ಬಿಳಿ ಅಂಗಿ ಕಾಲು ಗಂಟೆಗೆ ಮಸಿಬಟ್ಟೆಯಾಯಿತು. ಹನ್ನೆರಡು ಹೊಡೆಯಿತು. ಈಗ ಅಲ್ಲಿ ಕಡೇ ಕೀರ್ತನೆ ಹಾಡುತ್ತಿರುತ್ತಾರೆ ಎಂದುಕೊಂಡು ತಾನೂ ಹಾಡಲು ಶುರು ಮಾಡಿದ. ದೇವಾಲಯದಲ್ಲಿ ಅವನು ಹಾಡುವುದು ಎಲ್ಲರ ಧ್ವನಿಯ ಮೇಲೆ ತನ್ನ ಧ್ವನಿ ಕೇಳಲಿ ಎಂದು. ಇಲ್ಲಿ ಕೇಳುವವರು ಯಾರು? ಅಕ್ಕನ ನಾಯಿ ಒಂದು, ಅದೂ ಎದ್ದು ಆ ಕಡೆ ಹೋಯಿತು. ಹಾಡುತ್ತಾ ಹಾಡುತ್ತಾ ಎರಡನೇ ಚರಣದಲ್ಲಿ ಧ್ವನಿ ತಾನಾಗಿ ತಗ್ಗಿತು. ಎಷ್ಟೋ ವರ್ಷದ ಮೇಲೆ ಆ ಪದಗಳನ್ನು ತಾನೇ ಹೇಳುತ್ತಿದ್ದೇನೆ ಎನ್ನಿಸಿತು. "ಸ್ವಾಮಿ, ಕೈಯಲ್ಲಿ ಏನೂ ಇಲ್ಲ. ಇಷ್ಟು ಬೂದಿ ಅದೆ. ಇದನ್ನೇ ತಗೋ" ಎಂದ ಗಟ್ಟಿಯಾಗಿ. ಮನಸ್ಸು ಹಗುರಾಯಿತು. ಖುಷಿಯಾಯಿತು ಎಂದೇ ಹೇಳಬೇಕು. ಮತ್ತೆ ಮೊದಲನೇ ಚರಣದಿಂದ ಎತ್ತಿಕೊಂಡ.

ಒಂದು ಗಂಟೆಯ ಹೊತ್ತಿಗೆ ಪುಷ್ಪಮ್ಮನ ಫೋನು ಬಂತು. ಮುಖ ಕಾಣುವ ಫೋನು. ಕಾಡಿನ ಅಂಚಾದ್ದರಿಂದ ಅವಳ ಮುಖ ಒಮ್ಮೆ ಬರುತ್ತಿತ್ತು, ಒಮ್ಮೆ ಹೋಗುತ್ತಿತ್ತು.

"ರೀ, ಕೇಳಿಸ್ತದಾ? ನೀವು ಬರೋವರ್ಗೂ ಅಂತ ಅಯ್ನೋರು ಹನ್ನೊಂದು ಕೀರ್ತನೆ ಹಾಡ್ಸಿದ್ರು ಕಣ್ರೀ! ಎಲ್ಲರ ಗಂಟಲೂ ಬಿದ್ದೋಯ್ತು. ಆಮೇಲೆ ನೋಡಿದ್ರೆ ಅತ್ತಿಗೆ ಬಂದ್ರು. ಎರಡೂ ಕಾಯಿ ಜೊತೇಲಿ ಇಟ್ಟು ಪ್ರಾರ್ಥನೆ ಮಾಡಿದ್ರು. ನಿಮ್ ಕಾಯಿ ಎತ್ತೋಕೆ ಹೋಗಿ ಅಯ್ನೋರ ಸೊಂಟ ಹಿಡ್ಕೊಂಡದೆ. ಅದಿರ್ಲಿ, ಹರಾಜು ಯಾರು ಕೂಗ್ತಾವ್ರೆ ನೋಡಿ!"

ಫೋನು ತಿರುಗಿತು. ಹೊಂಗೆ ಮರ, ಜನ, ಮುಂದಿನ ಸಾಲಿನಲ್ಲಿ ವಿಭೂತಿಯ ಸಿದ್ದರಾಜು. ನಡುವೆ ಮೇಜಿನ ಹಿಂದೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮಾರ್ತಮ್ಮ ನಿಂತಿದ್ದಳು. ಮೇಜಿನ ಮೇಲೆ ಅವನ ಕುಂಬಳಕಾಯಿ.

"ತಡೀರಪ್ಪಾ" ಎಂದಳು ಅಕ್ಕ. "ಪುಷ್ಪಾ, ಆ ಫೋನು ನನ್ ಎದುರಿಗೆ ಹಿಡ್ಕೊ. ಇನ್ನೂ ಹತ್ರ. ಹಾಂ. ಇದನ್ನ ಕೂಗುವಾಗ ನಾನು ಅವನ ಮುಖ ನೋಡ್ಬೇಕು."

ಆಮೇಲೆ ಧ್ವನಿ ಏರಿಸಿದಳು. ಆ ಬಾಯಿ ಶಾಂತಪ್ಪನಿಗೆ ಎಲ್ಲಿಂದ ಬಂದಿತ್ತು ಎಂದು ಊರಿಗೆ ಅವತ್ತು ಗೊತ್ತಾಯಿತು.

"ನೋಡ್ರಪ್ಪಾ, ಇದು ನಮ್ ತಮ್ಮಂದು! ಥೇಟ್ ಅವನ ತಲೆ! ಇಷ್ಟು ದಪ್ಪ ಇದ್ರೂ ಒಳಗೇನಾದ್ರೂ ಅದೆಯಾ ಅಂತ ನನಗೆ ಮೂರು ವರ್ಷದಿಂದ ಅನುಮಾನ ಇತ್ತು. ಇವತ್ತು ಕಂಡೆ. ಅದೆ ಕಣ್ರಪ್ಪಾ, ಅದೆ! ಯಾರು ಕೂಗ್ತೀರಿ, ಕೂಗ್ರಿ!"

ಹೊಂಗೆ ಮರದ ಕೆಳಗೆ ನಗು ಭೋರ್ಗರೆಯಿತು. ಸಿದ್ದರಾಜು ನಗುತ್ತಾ ನಗುತ್ತಾ ಬೆಂಚಿನಿಂದ ಕೆಳಗೆ ಜಾರಿದ. ಶಾಂತಪ್ಪನೂ ನಕ್ಕ, ಒಲೆಯ ಮುಂದೆ ಕೂತು ಒಬ್ಬನೇ ಗಹಗಹಿಸಿ ನಕ್ಕ. ಮಸಿ ಹತ್ತಿದ ಮುಖದ ಮೇಲೆ ಕಣ್ಣೀರು ಎರಡು ಬಿಳಿ ಗೆರೆ ಎಳೆಯಿತು. ಅಕ್ಕ ಜನದ ಕಡೆ ನೋಡಲಿಲ್ಲ. ನಗು ನಿಲ್ಲುವವರೆಗೂ ಅವನ ಮುಖವನ್ನೇ ನೋಡುತ್ತಾ ನಿಂತಿದ್ದಳು.

"ಲೇ ಶಾಂತ" ಎಂದಳು ಆಮೇಲೆ, "ಮುಖ ತೊಳ್ಕೊ. ಊಟ ತರ್ತಾ ಇವ್ನಿ."